ಜೀವ ಕಟ್ಟಿದ ಕಲ್ಲಿಗೆ ಕಾವಲು ಯಾರು?

ಹಳೆಯದು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಹಲ್ಮಿಡಿ ಶಾಸನ. ಅದಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಇನ್ನೂ ಹಿಂದಕ್ಕೆ ಹೋದರೆ ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳು. ಅವಕ್ಕೆ 2,200 ವರ್ಷಕ್ಕೂ ಹೆಚ್ಚು. ಇವನ್ನೆಲ್ಲ ಕಾಯಲು ಕಾನೂನಿದೆ, ಇಲಾಖೆಯಿದೆ, ನೀಲಿ ಬೋರ್ಡಿದೆ. ಅದು ಇರಬೇಕಾದದ್ದೇ.

ಆದರೆ ಚಿತ್ರದುರ್ಗ, ತುಮಕೂರು, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ಕೆಲವು ಬಂಡೆಗಳ ಮೇಲೆ 250 ಕೋಟಿ ವರ್ಷಕ್ಕೂ ಹಿಂದಿನ ಗುರುತುಗಳಿವೆ. ಅವನ್ನು ಮೂಡಿಸಿದವರು ಮನುಷ್ಯರಲ್ಲ, ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಆಗ ಮನುಷ್ಯನಿರಲಿ, ಮೀನು, ಹುಳು, ಹುಲ್ಲು ಕೂಡ ಭೂಮಿಯ ಮೇಲೆ ಇರಲಿಲ್ಲ. ಆ ಬಂಡೆಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಸ್ಟ್ರೊಮಾಟೊಲೈಟ್. ಜರ್ಮನ್ ಭೂವಿಜ್ಞಾನಿ ಅರ್ನ್ಸ್ಟ್ ಕಾಲ್ಕೋವ್‌ಸ್ಕಿ 1908ರಲ್ಲಿ ಬಳಕೆಗೆ ತಂದ ಪದ ಅದು. ಈ ಲೇಖನದ ಮಟ್ಟಿಗೆ ಪದರಗಲ್ಲು ಎಂದುಕೊಳ್ಳೋಣ. ಈ ಪದರಗಲ್ಲನ್ನು ಹೆಸರಿಟ್ಟು ಕಾಯುವ ಕಾನೂನು ನಮ್ಮಲ್ಲಿಲ್ಲ. ಮನುಷ್ಯ ಕೆತ್ತಿದ ಕಲ್ಲಿಗೆ ಕಾವಲಿದೆ, ಜೀವವೇ ಕಟ್ಟಿದ ಕಲ್ಲಿಗೆ ಇಲ್ಲ. ನಾನು ಇವತ್ತು ಬರೆಯಲು ಹೊರಟಿರುವುದು ಇದರ ಬಗ್ಗೆ.

ನನ್ನದು ಹಿರಿಯೂರು ಕಡೆ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ. ಭೂವಿಜ್ಞಾನ ನನ್ನ ವಿಷಯವಲ್ಲ. ಇದರ ಹುಚ್ಚು ಹತ್ತಿಸಿದ್ದು ನಮ್ಮ ತಂಡದಲ್ಲಿರುವ ಉದಯಪುರದ ಹುಡುಗ. ಒಂದು ದಿನ ಊಟದ ಹೊತ್ತಿನಲ್ಲಿ ತನ್ನೂರಿನ ಹತ್ತಿರದ ಝಾಮರಕೋಟ್ರಾದ ಫೋಟೊ ತೋರಿಸಿ, ‘ಇದು ಜೀವಿಗಳು ಕಟ್ಟಿದ ಕಲ್ಲು, ಸರ್ಕಾರ ಪಾರ್ಕ್ ಮಾಡಿದೆ, ನಿಮ್ಮ ಕಡೆ ಇದೆಲ್ಲ ಇಲ್ಲವಾ?’ ಎಂದು ಕೇಳಿದ. ಹುಡುಕುತ್ತಾ ಹೋದಾಗ ಸಿಕ್ಕಿದ ಉತ್ತರ: ಇದೆ, ಅವನ ಊರಿನದಕ್ಕಿಂತ ತುಂಬ ಹಳೆಯದು, ಆದರೆ ಪಾರ್ಕ್ ಇಲ್ಲ.

ಪದರಗಲ್ಲು ಹೇಗೆ ಹುಟ್ಟುತ್ತದೆ ಎಂದು ಮೊದಲು ನೋಡೋಣ. ಮಳೆಗಾಲದಲ್ಲಿ ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಪಾಚಿಯ ಲೋಳೆಯನ್ನು ನೆನಪಿಸಿಕೊಳ್ಳಿ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳೂ ಹೀಗೆಯೇ ಆಳವಿಲ್ಲದ ನೀರಿನ ತಳದಲ್ಲಿ ಚಾಪೆಯಂತೆ ಹರಡಿಕೊಳ್ಳುತ್ತವೆ. ನಾವು ಶಾಲೆಯಲ್ಲಿ ‘ನೀಲಿ-ಹಸಿರು ಪಾಚಿ’ ಎಂದು ಓದಿದ್ದು ಇವನ್ನೇ, ನಿಜದಲ್ಲಿ ಅವು ಬ್ಯಾಕ್ಟೀರಿಯಾಗಳು. ಅಲೆ ತಂದ ಸಣ್ಣ ಕಣಗಳು ಅವುಗಳ ಅಂಟು ಲೋಳೆಗೆ ಹಿಡಿದುಕೊಳ್ಳುತ್ತವೆ. ಬಿಸಿಲಿನಲ್ಲಿ ಅವು ದ್ಯುತಿಸಂಶ್ಲೇಷಣೆ ನಡೆಸುವಾಗ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಸುತ್ತಲಿನ ನೀರಿನ ಗುಣ ಬದಲಾಗಿ, ಕರಗಿದ್ದ ಸುಣ್ಣದ ಅಂಶ ಗಟ್ಟಿಯಾಗಿ ಕೂರುತ್ತದೆ. ಹೀಗೆ ಮೇಲೆ ಮಣ್ಣು, ಸುಣ್ಣ ಮುಚ್ಚಿಕೊಂಡರೆ ಜೀವಿಗಳಿಗೆ ಬೆಳಕು ಸಿಗುವುದಿಲ್ಲ. ಅವು ಮೇಲಕ್ಕೆ ಸರಿದು ಹೊಸ ಚಾಪೆ ಹಾಸುತ್ತವೆ. ಕೆಳಗಿನದು ಕಲ್ಲಾಗುತ್ತದೆ. ಮತ್ತೆ ಕಣ, ಮತ್ತೆ ಸುಣ್ಣ, ಮತ್ತೆ ಮೇಲಕ್ಕೆ. ಸಾವಿರಾರು ವರ್ಷ ಇದೇ ಕೆಲಸ.

ಕೊನೆಗೆ ಉಳಿಯುವುದು ಗುಮ್ಮಟದಂತೆ, ಕಂಬದಂತೆ, ಕೆಲವೊಮ್ಮೆ ಶಂಕುವಿನಂತೆ ಇರುವ ಕಲ್ಲು. ಅಡ್ಡ ಕತ್ತರಿಸಿದರೆ ಹೆಚ್ಚಿದ ಈರುಳ್ಳಿಯ ಹಾಗೆ ಸುತ್ತು ಸುತ್ತು ಗೆರೆ. ಉದ್ದಕ್ಕೆ ಸೀಳಿದರೆ ಬಟ್ಟಲು ಬೋರಲು ಹಾಕಿ ಒಂದರ ಮೇಲೊಂದು ಜೋಡಿಸಿದ ಹಾಗೆ. ಜೀವಿಯ ದೇಹ ಅದರೊಳಗೆ ಸಿಗುವುದು ಅಪರೂಪ. ಅದು ಮಾಡಿದ ಕೆಲಸವಷ್ಟೇ ಕಲ್ಲಿನಲ್ಲಿ ಉಳಿದಿರುತ್ತದೆ.

ಇವು ಎಷ್ಟು ನಿಧಾನ ಬೆಳೆಯುತ್ತವೆ ಎಂಬುದು ಗೊತ್ತಾಗಿದ್ದು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ. ಅಲ್ಲಿನ ಹ್ಯಾಮೆಲಿನ್ ಪೂಲ್ ಎಂಬ ಕೊಲ್ಲಿಯಲ್ಲಿ ಪದರಗಲ್ಲುಗಳು ಇವತ್ತಿಗೂ ಜೀವಂತವಾಗಿ ಬೆಳೆಯುತ್ತಿವೆ. ಆ ನೀರು ಸಾಮಾನ್ಯ ಸಮುದ್ರದ ನೀರಿಗಿಂತ ಸುಮಾರು ಎರಡು ಪಟ್ಟು ಉಪ್ಪು. ಸೂಕ್ಷ್ಮಜೀವಿಗಳ ಚಾಪೆಯನ್ನು ಮೇಯುವ ಬಸವನಹುಳುಗಳಿಗೆ ಅಲ್ಲಿ ಬದುಕುವುದು ಕಷ್ಟ. ಹಾಗಾಗಿ ಚಾಪೆ ಉಳಿದಿದೆ. ಬೆಳವಣಿಗೆ ವರ್ಷಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆ. ಒಂದು ಮೀಟರ್ ಎತ್ತರ ಬೇಕೆಂದರೆ 2,000 ವರ್ಷಕ್ಕೂ ಹೆಚ್ಚು. ಹಿಂದೆ ಹಡಗಿಗೆ ಉಣ್ಣೆಯ ಮೂಟೆ ಸಾಗಿಸುತ್ತಿದ್ದ ಬಂಡಿಗಳು ಅಲ್ಲಿನ ಚಾಪೆಯ ಮೇಲೆ ಹಾದುಹೋಗಿದ್ದವು. ಆ ಚಕ್ರದ ಗುರುತು ಇಂದಿಗೂ ಮಾಸಿಲ್ಲ. 1991ರಲ್ಲಿ ಶಾರ್ಕ್ ಬೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಒಂದು ಕಾಲದಲ್ಲಿ ಇಡೀ ಭೂಮಿಯ ಆಳವಿಲ್ಲದ ಸಮುದ್ರಗಳೆಲ್ಲ ಹ್ಯಾಮೆಲಿನ್ ಪೂಲ್‌ನಂತೆಯೇ ಇದ್ದವು. ಮೇಯುವ ಪ್ರಾಣಿಗಳು ಹುಟ್ಟಿದ್ದು ತೀರಾ ಈಚೆಗೆ. ಅದಕ್ಕೂ ಮುಂಚೆ ಇನ್ನೂರು, ಮುನ್ನೂರು ಕೋಟಿ ವರ್ಷ ಭೂಮಿ ಈ ಸೂಕ್ಷ್ಮಜೀವಿಗಳದ್ದೇ. ಆಸ್ಟ್ರೇಲಿಯಾದ ಪಿಲ್ಬಾರಾದಲ್ಲಿ ಸುಮಾರು 340 ಕೋಟಿ ವರ್ಷ ಹಳೆಯ ಪದರಗಲ್ಲುಗಳಿವೆ. ಅಂಥ ಹಳೆಯ ನೆಲ ಜಗತ್ತಿನಲ್ಲಿ ಕೆಲವೇ ಕಡೆ ಉಳಿದಿದೆ. ಅದರಲ್ಲಿ ಒಂದು ನಮ್ಮ ಕರ್ನಾಟಕ. ಭೂವಿಜ್ಞಾನಿಗಳು ಇದನ್ನು ಧಾರವಾಡ ಕ್ರೇಟಾನ್ ಎನ್ನುತ್ತಾರೆ. ಅಂದರೆ ಧಾರವಾಡದ ಹೆಸರು ಪೇಡಕ್ಕೆ, ಸಂಗೀತಕ್ಕೆ ಮಾತ್ರವಲ್ಲ, ಭೂಮಿಯ ಚರಿತ್ರೆಯ ಪಾಠದಲ್ಲೂ ಇದೆ.

ನಮ್ಮ ಪದರಗಲ್ಲುಗಳು ಎಲ್ಲೆಲ್ಲಿವೆ? ಹಿರಿಯೂರಿನ ಮಾರಿಕಣಿವೆಯ ಸುತ್ತ, ತುಮಕೂರು ಸೀಮೆಯ ದೊಡ್ಡಗುಣಿಯಲ್ಲಿ, ಶಿವಮೊಗ್ಗದ ಕುಂಸಿಯಲ್ಲಿ, ಸಂಡೂರಿನಲ್ಲಿ ವಿಜ್ಞಾನಿಗಳು ಇವನ್ನು ಗುರುತಿಸಿದ್ದಾರೆ. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು. ನಮ್ಮ ಸೀಮೆಯ ಜನ ಅದು ತುಂಬಿ ಕೋಡಿ ಬೀಳುವುದನ್ನೇ ಹಬ್ಬ ಮಾಡುತ್ತಾರೆ. ಆ ಅಣೆಕಟ್ಟಿನ ಹೆಸರನ್ನೇ ಅಲ್ಲಿನ ಶಿಲಾಸ್ತರಕ್ಕೂ ಇಡಲಾಗಿದೆ: ವಾಣಿವಿಲಾಸ ಸ್ತರ. ಅಂದರೆ ನಾವು ನೀರು ನಿಲ್ಲಿಸಿಕೊಂಡಿರುವ ಜಾಗದ ಆಸುಪಾಸಿನಲ್ಲೇ 250 ಕೋಟಿ ವರ್ಷದ ಹಿಂದೆ ಆಳವಿಲ್ಲದ ಸಮುದ್ರವೊಂದು ಇತ್ತು. ಉತ್ತರದಲ್ಲಿ ಬಾಗಲಕೋಟೆ, ಲೋಕಾಪುರ ಕಡೆಯ ಕಲಾದಗಿ ಶಿಲೆಗಳಲ್ಲೂ ಪದರಗಲ್ಲುಗಳಿವೆ. ಅವು ವಯಸ್ಸಿನಲ್ಲಿ ಚಿಕ್ಕವು. ಚಿಕ್ಕವು ಎಂದರೂ ನೂರು ಕೋಟಿ ವರ್ಷಕ್ಕೆ ಮೇಲೆ.

ನಾವು ಹೈದರಾಬಾದಿನ ಕನ್ನಡಿಗರು ಇದನ್ನು ವಿಶೇಷವಾಗಿ ತಿಳಿದಿರಬೇಕು. ನಾಗೋಲ್‌ನಿಂದ ರಾಯದುರ್ಗಕ್ಕೆ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುವವರು ಎನ್‌ಜಿಆರ್‌ಐ ಎಂಬ ನಿಲ್ದಾಣ ದಾಟಿಯೇ ಹೋಗುತ್ತಾರೆ. ಆ ಹೆಸರು ಬಂದದ್ದು ಅಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಿಂದ. ಎಸ್.ಎಂ. ನಕ್ವಿ ಮತ್ತಿತರ ಅಲ್ಲಿನ ವಿಜ್ಞಾನಿಗಳೇ ಚಿತ್ರದುರ್ಗದ ಪದರಗಲ್ಲುಗಳ ಬಗ್ಗೆ 1989ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದವರು. ನಮ್ಮೂರಿನ ಕಲ್ಲಿನ ಕಥೆ ನಮಗಿಂತ ಮೊದಲೇ ಹೈದರಾಬಾದಿಗೆ ಬಂದು, ನಮಗಿಂತ ಮೊದಲೇ ಜಗತ್ತು ಸುತ್ತಿದೆ. ಊರಿನಲ್ಲಿ ಮಾತ್ರ ಅದು ಇನ್ನೂ ಬರೀ ಕಲ್ಲು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ‘ಕಲ್ಲು ಕಾದ್ರೆ ಹೊಟ್ಟೆ ತುಂಬುತ್ತೇನಪ್ಪಾ? ಅದೇ ಜಲ್ಲಿ ಆದ್ರೆ ನಮ್ಮೂರಿಗೆ ರಸ್ತೆನಾದ್ರೂ ಆಗುತ್ತೆ’ ಎಂದರು. ಈ ಪ್ರಶ್ನೆಯನ್ನು ತಮಾಷೆ ಎಂದು ತಳ್ಳಿಹಾಕುವಂತಿಲ್ಲ. ಪದರಗಲ್ಲು ಇರುವುದು ಬಹುಪಾಲು ಸುಣ್ಣಕಲ್ಲು, ಡಾಲೊಮೈಟ್‌ನಲ್ಲಿ. ಸಿಮೆಂಟಿಗೆ ಸುಣ್ಣಕಲ್ಲು ಬೇಕು, ಉಕ್ಕಿನ ಕಾರ್ಖಾನೆಗೆ ಡಾಲೊಮೈಟ್ ಬೇಕು. ಸಂಡೂರಿನಲ್ಲಿ ಮ್ಯಾಂಗನೀಸ್ ಗಣಿಗಾರಿಕೆಯ ನೆಲದಲ್ಲೇ ಪದರಗಲ್ಲುಗಳೂ ಸಿಕ್ಕಿವೆ. ಗಣಿಯಲ್ಲಿ ದುಡಿಯುವವರ ಮನೆಯ ಒಲೆ ಉರಿಯಬೇಕು. ಹೈದರಾಬಾದಿನ ಗಾಜಿನ ಕಟ್ಟಡದಲ್ಲಿ ಕುಳಿತು ‘ಗಣಿ ನಿಲ್ಲಿಸಿ’ ಎಂದು ಬರೆಯುವುದು ನನಗೆ ಸುಲಭ, ಅವರಿಗೆ ಅಲ್ಲ. ಆ ಕಟ್ಟಡವೂ ಸಿಮೆಂಟಿನದೇ.

ಹಾಗಾದರೆ ದಾರಿ ಯಾವುದು? ಉತ್ತರ ನನ್ನ ಸಹೋದ್ಯೋಗಿಯ ಊರಿನಲ್ಲೇ ಇದೆ. ಝಾಮರಕೋಟ್ರಾ ದೇಶದ ದೊಡ್ಡ ರಾಕ್ ಫಾಸ್ಫೇಟ್ ಗಣಿಗಳಲ್ಲಿ ಒಂದು. ಅಲ್ಲಿನ ಫಾಸ್ಫೇಟ್ ಇರುವುದೇ ಪದರಗಲ್ಲಿನ ಕಂಬಗಳಲ್ಲಿ. ರೈತರ ಹೊಲಕ್ಕೆ ಹೋಗುವ ರಸಗೊಬ್ಬರಕ್ಕೆ ಆ ಪ್ರಾಚೀನ ಸೂಕ್ಷ್ಮಜೀವಿಗಳ ದುಡಿಮೆಯ ಪಾಲೂ ಇದೆ. ಗಣಿ ನಡೆಯುತ್ತಿರುವಾಗಲೇ ಅದರ ಒಂದು ಭಾಗವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಚಿತ್ತೋಡಗಢದ ಹತ್ತಿರದ ಭೋಜುಂಡಾ, ಸಿಕ್ಕಿಂನ ಮಾಮ್ಲೇ ಕೂಡ ಅದೇ ಪಟ್ಟಿಯಲ್ಲಿವೆ. ಉತ್ತರ ಪ್ರದೇಶದ ಸೋನಭದ್ರದಲ್ಲಿ ಸುಮಾರು 140 ಕೋಟಿ ವರ್ಷದ ಪದರಗಲ್ಲುಗಳಿಗೆಂದೇ ಸಲಖನ್ ಫಾಸಿಲ್ ಪಾರ್ಕ್ ಇದೆ. ಅಂದರೆ ಗಣಿ ಮತ್ತು ಸ್ಮಾರಕ ಅಕ್ಕಪಕ್ಕ ಇರಬಹುದು. ಬೇಕಾಗಿರುವುದು ಸಾವಿರಾರು ಎಕರೆಯಲ್ಲ. ಅತ್ಯುತ್ತಮ ನಮೂನೆ ಇರುವ ನಾಲ್ಕಾರು ಎಕರೆ, ಒಂದು ಬೇಲಿ, ಒಂದು ಕನ್ನಡ ಬೋರ್ಡು, ಊರಿನ ಇಬ್ಬರು ಯುವಕರಿಗೆ ಕಾವಲಿನ ಕೆಲಸ.

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕಿವೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆ, ಕೋಲಾರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪದ ಕಂಬಶಿಲೆಗಳು. ನಾಲ್ಕೂ ಬೆಂಕಿ, ಶಾಖದಿಂದ ರೂಪುಗೊಂಡ ಕಲ್ಲುಗಳು. ಜೀವದಿಂದ ಹುಟ್ಟಿದ ಕಲ್ಲು ಒಂದೂ ಆ ಪಟ್ಟಿಯಲ್ಲಿಲ್ಲ.

ಪಟ್ಟಿಗೆ ಸೇರಿದರೂ ಸಾಲದು ಎಂಬುದು ಇನ್ನೊಂದು ಮಾತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇರುವುದು ಮನುಷ್ಯ ಕಟ್ಟಿದ, ಕೆತ್ತಿದ, ಕನಿಷ್ಠ ನೂರು ವರ್ಷ ಹಳೆಯ ವಸ್ತುಗಳಿಗೆ. ನೂರು ವರ್ಷದ ಷರತ್ತನ್ನು ನಮ್ಮ ಪದರಗಲ್ಲು ಎರಡೂವರೆ ಕೋಟಿ ಸಲ ಪೂರೈಸಿದೆ, ಆದರೆ ಅದನ್ನು ಕೆತ್ತಿದವರು ಮನುಷ್ಯರಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ರಕ್ಷಣೆಗೆ ಮಸೂದೆಯೊಂದರ ಕರಡು ಪ್ರಕಟಿಸಿತು. ಕರಡು ಕಲ್ಲನ್ನು ಕಾಯುವುದಿಲ್ಲ.

ಆದರೆ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ಕೀಲಿ ರಾಜ್ಯದ ಕೈಯಲ್ಲೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ‘ಜೀವವೈವಿಧ್ಯ ಪಾರಂಪರಿಕ ತಾಣ’ ಘೋಷಿಸಬಹುದು. ಇಂಥ ತಾಣಗಳನ್ನು ಆರಿಸುವ ಮಾನದಂಡಗಳಲ್ಲಿ ಪಳೆಯುಳಿಕೆಯ ನೆಲೆಗಳಿಗೂ ಜಾಗವಿದೆ. ಈ ಸೆಕ್ಷನ್ನನ್ನು ದೇಶದಲ್ಲಿ ಮೊದಲು ಬಳಸಿದ್ದೂ ಕರ್ನಾಟಕವೇ: 2007ರಲ್ಲಿ, ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪಿಗೆ. ಹುಣಸೆ ಮರಕ್ಕೆ ಕೊಟ್ಟ ಮರ್ಯಾದೆಯನ್ನು, ಆ ಮರ ಉಸಿರಾಡುವ ಗಾಳಿಯನ್ನು ಹದ ಮಾಡಿದ ಜೀವಿಗಳ ಗುರುತಿಗೂ ಕೊಡಿ ಎನ್ನುವುದು ಅತಿಯಾದ ಬೇಡಿಕೆಯಲ್ಲ. ಜೊತೆಗೆ ಕಟ್ಟಡದ ಕಲ್ಲು, ಜಲ್ಲಿಯಂಥ ಉಪ ಖನಿಜಗಳ ನಿಯಮ ಮಾಡುವ ಅಧಿಕಾರ ರಾಜ್ಯಕ್ಕೇ ಇದೆ. ಪದರಗಲ್ಲಿನ ಸರ್ವೆ ನಂಬರುಗಳನ್ನು ಗುರುತಿಸಿ, ಅಲ್ಲಿ ಕ್ವಾರಿಗೆ ಅನುಮತಿ ಕೊಡುವುದಿಲ್ಲ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆ ಬರೆದಿಟ್ಟರೆ ಅರ್ಧ ಕೆಲಸ ಮುಗಿಯಿತು.

ಗಾಳಿಯ ಮಾತು ಬಂತು. ಆದಿಯಲ್ಲಿ ಭೂಮಿಯ ವಾತಾವರಣದಲ್ಲಿ ಆಮ್ಲಜನಕ ಇರಲಿಲ್ಲ ಎನ್ನುವಷ್ಟು ಕಡಿಮೆ. ಸಯನೋಬ್ಯಾಕ್ಟೀರಿಯಾಗಳು ಬಿಸಿಲು, ನೀರು ಬಳಸಿ ಅದನ್ನು ಹೊರಹಾಕತೊಡಗಿದವು. ಸುಮಾರು 240 ಕೋಟಿ ವರ್ಷದ ಹಿಂದೆ ಅದು ಗಾಳಿಯಲ್ಲಿ ನಿಲ್ಲುವಷ್ಟು ಹೆಚ್ಚಿತು. ನಮ್ಮ ಚಿತ್ರದುರ್ಗದ ಕಲ್ಲುಗಳು ಆ ದೊಡ್ಡ ಬದಲಾವಣೆಗೂ ಮುಂಚಿನವು. ಅದು ಹೇಗೆ ಶುರುವಾಯಿತು ಎಂಬುದರ ಸಾಕ್ಷಿ ಅಂಥ ಕಲ್ಲುಗಳಲ್ಲೇ ಹುಡುಕಬೇಕು. ಆ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆಕ್ಸೈಡ್ ಆಗಿ ತಳ ಸೇರಿ ಪಟ್ಟೆ ಪಟ್ಟೆಯ ಅದಿರಾಯಿತು. ಇದರಲ್ಲಿ ಸೂಕ್ಷ್ಮಜೀವಿಗಳ ಪಾತ್ರ ದೊಡ್ಡದು ಎಂಬುದು ಬಹಳ ವಿಜ್ಞಾನಿಗಳ ಅಭಿಪ್ರಾಯ. ಸಂಡೂರು, ಬಾಬಾಬುಡನ್‌ಗಿರಿ, ಕುದುರೆಮುಖದ ಅದಿರು ಇದೇ ಜಾತಿಯದು. ಆ ಅದಿರಿನ ಹಣದಿಂದ ನಮ್ಮ ರಾಜ್ಯದಲ್ಲಿ ಏನೇನು ಆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ಯಾಕೆ ನಿಲ್ಲಿಸಬೇಕಾಯಿತು ಎಂಬುದನ್ನು ಓದುಗರಿಗೆ ನೆನಪಿಸಬೇಕಿಲ್ಲ. ಎಚ್ಚೆತ್ತುಕೊಳ್ಳುವ ಹೊತ್ತಿಗೆ ಗುಡ್ಡಗಳೇ ಹೋಗಿದ್ದವು.

‘ವಿಜ್ಞಾನಿಗಳು ಬರೆದಾಯಿತಲ್ಲ, ಮಾದರಿ ಪ್ರಯೋಗಾಲಯದಲ್ಲಿದೆಯಲ್ಲ, ಕಲ್ಲು ಅಲ್ಲೇ ಇರಬೇಕೇ?’ ಎಂದು ಕೆಲವರು ಕೇಳಬಹುದು. ಇರಬೇಕು. 2016ರಲ್ಲಿ ಗ್ರೀನ್‌ಲ್ಯಾಂಡಿನ ಇಸುವಾದಲ್ಲಿ 370 ಕೋಟಿ ವರ್ಷದ ಪದರಗಲ್ಲು ಸಿಕ್ಕಿದೆ ಎಂದು ಒಂದು ತಂಡ ಪ್ರಕಟಿಸಿತು. ಜಗತ್ತೇ ಸುದ್ದಿ ಮಾಡಿತು. 2018ರಲ್ಲಿ ಇನ್ನೊಂದು ತಂಡ ಅದೇ ಜಾಗಕ್ಕೆ ಹೋಗಿ, ಬಂಡೆಯನ್ನು ಬೇರೆ ದಿಕ್ಕಿನಿಂದ ನೋಡಿ, ಇದು ಜೀವಿಗಳ ಕೆಲಸವಲ್ಲ, ಒತ್ತಡದಿಂದ ಶಿಲೆ ಮಡಿಚಿಕೊಂಡು ಆದ ಆಕಾರ ಇರಬೇಕು ಎಂದಿತು. ಪದರವಿದ್ದ ಮಾತ್ರಕ್ಕೆ ಜೀವವಿತ್ತು ಎನ್ನಲಾಗುವುದಿಲ್ಲ. ಆ ವಾದ ನಡೆಯಲು ಸಾಧ್ಯವಾಗಿದ್ದು ಕಲ್ಲು ಇದ್ದ ಜಾಗದಲ್ಲೇ ಇದ್ದದ್ದರಿಂದ. ನಮ್ಮ ಕಲ್ಲುಗಳನ್ನೂ ನಾಳೆ ಹೊಸ ಉಪಕರಣ ಹಿಡಿದು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಆಗ ಅಲ್ಲಿ ಗುಂಡಿ ಮಾತ್ರ ಇದ್ದರೆ?

ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಪದರಗಲ್ಲು ಒಂದು ಲಾಗ್ ಫೈಲ್. ಹೊಸ ಸಾಲು ಕೊನೆಗೆ ಸೇರುತ್ತದೆ, ಹಳೆಯದನ್ನು ಯಾರೂ ತಿದ್ದುವುದಿಲ್ಲ. ಸಿಸ್ಟಂ ಹೇಗೆ ಈ ಸ್ಥಿತಿಗೆ ಬಂತು ಎಂದು ತಿಳಿಯಲು ನಾವು ಮೊದಲು ತೆಗೆಯುವುದು ಅದನ್ನೇ. ಯಾವ ಕಂಪನಿಯಲ್ಲೂ ಬ್ಯಾಕಪ್ ಇಲ್ಲದ ಲಾಗ್ ಅಳಿಸಲು ಒಪ್ಪಿಗೆ ಸಿಗುವುದಿಲ್ಲ. ಇದಕ್ಕೆ ಬ್ಯಾಕಪ್ ಇಲ್ಲ. ಮಂಗಳ ಗ್ರಹದ ಜೆಜೆರೊ ಕುಳಿಯಲ್ಲಿ 2021ರಿಂದ ನಾಸಾದ ರೋವರ್ ಓಡಾಡುತ್ತಾ ಪ್ರಾಚೀನ ಜೀವದ ಗುರುತಿಗಾಗಿ ಕಲ್ಲುಗಳನ್ನು ಪರೀಕ್ಷಿಸುತ್ತಿದೆ. ಅಂಥ ಗುರುತು ಇರುವ ಕಲ್ಲು ನಮ್ಮಲ್ಲಿ ಬಸ್ಸಿಳಿದು ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ಜಾಗ ಜಾಹೀರಾದರೆ ಕದ್ದು ಮಾರುವವರು ಬರುತ್ತಾರೆ ಎಂಬ ಅಂಜಿಕೆಯೂ ಇದೆ. ಅದು ಸುಳ್ಳಲ್ಲ. ಆದರೆ ಗುಟ್ಟಾಗಿಟ್ಟರೆ ಕಲ್ಲು ಉಳಿಯುತ್ತದೆ ಎಂಬುದಕ್ಕೂ ಆಧಾರವಿಲ್ಲ. ಜೆಸಿಬಿ ಚಾಲಕನಿಗೆ ಅದು ಏನೆಂದು ಯಾರೂ ಹೇಳಿರುವುದಿಲ್ಲವಲ್ಲ. ಊರಿನವರಿಗೆ ಗೊತ್ತಿದ್ದರೆ, ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರೆ, ಬಂದು ಹೋಗುವವರಿಂದ ನಾಲ್ಕು ಮನೆಗೆ ದುಡಿಮೆ ಸಿಗುತ್ತಿದ್ದರೆ, ಅದಕ್ಕಿಂತ ಒಳ್ಳೆಯ ಕಾವಲು ಬೇರೆ ಇಲ್ಲ. ಅಪ್ಪನ ಪ್ರಶ್ನೆಗೆ ನನ್ನ ಉತ್ತರವೂ ಇದೇ. ರಸ್ತೆಗೆ ಜಲ್ಲಿ ಬೇರೆ ಬಂಡೆಯಿಂದಲೂ ಬರುತ್ತದೆ, ಪದರಗಲ್ಲು ಮಾತ್ರ ಬೇರೆ ಕಡೆಯಿಂದ ತರಲಾಗುವುದಿಲ್ಲ.

ಹೊರನಾಡಿನಲ್ಲಿರುವ ನಾವು ಏನು ಮಾಡಬಹುದು? ನವೆಂಬರ್ ಬಂದರೆ ಪುಣೆ, ಮುಂಬಯಿ, ಚೆನ್ನೈ, ದೆಹಲಿ, ಹೈದರಾಬಾದುಗಳಲ್ಲಿ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡುತ್ತವೆ. ನಾಡು ಎಂದರೆ ನುಡಿಯ ಜೊತೆ ನೆಲವೂ ಹೌದು. ಈ ಸಲ ಆರ್ಕೆಸ್ಟ್ರಾ ಜೊತೆಗೆ ಅರ್ಧ ಗಂಟೆ ಭೂವಿಜ್ಞಾನಿಯೊಬ್ಬರನ್ನು ಕರೆದು ನಮ್ಮ ನೆಲದ ವಯಸ್ಸು ಹೇಳಿಸೋಣ. ಸಂಘದ ಲೆಟರ್‌ಹೆಡ್ಡಿನಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ, ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಒಂದೊಂದು ಮನವಿ ಕಳಿಸೋಣ: ಮಾರಿಕಣಿವೆ, ದೊಡ್ಡಗುಣಿ, ಕುಂಸಿ, ಸಂಡೂರು, ಈ ನಾಲ್ಕರಲ್ಲಿ ಕನಿಷ್ಠ ಒಂದು ತಾಣವನ್ನಾದರೂ ಪಾರಂಪರಿಕ ತಾಣವೆಂದು ಘೋಷಿಸಿ ಎಂದು. ಊರಿನಲ್ಲಿ ಮತ ಇರುವವರು ತಮ್ಮ ಶಾಸಕರಿಗೂ, ಗ್ರಾಮ ಪಂಚಾಯಿತಿಗೂ ಬರೆಯಬಹುದು. ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಯ ಮಾತಿಗೆ ಬೆಲೆ ಇದೆ.

ನೋಡಲು ಹೋಗುವವರಿಗೆ ಒಂದೇ ವಿನಂತಿ. ಸುತ್ತಿಗೆ ಒಯ್ಯಬೇಡಿ, ಚೂರನ್ನೂ ತರಬೇಡಿ. ಮುಟ್ಟಿ ನೋಡಿ, ಫೋಟೊ ತೆಗೆಯಿರಿ, ಮಕ್ಕಳಿಗೆ ಗೆರೆ ಎಣಿಸಲು ಹೇಳಿ. ಅವರು ಎಣಿಸಿ ಸುಸ್ತಾದ ಮೇಲೆ, ಒಂದೊಂದು ಗೆರೆಯೂ ಒಂದು ಕಾಲದಲ್ಲಿ ಬಿಸಿಲಿಗೆ ಮೈಯೊಡ್ಡಿದ್ದ ಜೀವಿಗಳ ಚಾಪೆ ಎಂದು ತಿಳಿಸಿ.